ಹಳೇ ಮನೆ ನೋಡೋಕೆ ಹೊರಟಿದ್ದೀರಾ?

ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರದಲ್ಲಿ ಒಂದು ಹಳೇ ಮನೆ ಮಾರಾಟಕ್ಕಿದೆ ಅಂದ್ಕೊಳ್ಳಿ. 30-40 ಸೈಟು, ಅಂದ್ರೆ 1,200 ಚದರಡಿ. ಮೇಲೆ ಎರಡು ರೂಮಿನ ಆರ್‌ಸಿಸಿ ಮನೆ. ನೀವು ಕೊಡೋ ದುಡ್ಡಲ್ಲಿ ಬಹುಪಾಲು ನೆಲಕ್ಕೇ ಹೋಗುತ್ತೆ. ಹೊಸ ಬಣ್ಣ, ಹೊಸ ಟೈಲ್ಸ್ ನೋಡಿ ಮರುಳಾಗಬೇಡಿ.

ನೇರವಾಗಿ ಬಚ್ಚಲುಮನೆಗೆ ಹೋಗಿ, ತಲೆ ಎತ್ತಿ ನೋಡಿ. ಸೀಲಿಂಗಿನ ಗಾರೆ ಉಬ್ಬಿದೆಯಾ? ಕೋಲಿನಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದ್ರೆ ನೀರು ಇಳಿದು ಕಂಬಿ ತುಕ್ಕು ಹಿಡಿದಿರಬಹುದು. ತುಕ್ಕು ಹಿಡಿದ ಕಂಬಿ ಹಿಗ್ಗುತ್ತೆ, ಕಾಂಕ್ರೀಟನ್ನೇ ಸೀಳುತ್ತೆ. ಇದಕ್ಕೆ ಬಣ್ಣ ಮದ್ದಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲೇಬೇಕು. ಮೇಲೆ ಇನ್ನೊಂದು ಮಹಡಿ ಕಟ್ಟೋ ಆಸೆ ಇದ್ರೆ ಪಾಯ ತಡೆಯುತ್ತಾ ಅಂತಾನೂ ಅವರನ್ನೇ ಕೇಳಿ.

ನೀರಿನ ವ್ಯವಸ್ಥೆಯನ್ನೂ ನೋಡಿ. ನೆಲದಡಿಯ ಸಂಪಿನ ಮುಚ್ಚಳ ತೆಗೆಸಿ, ಒಳಗೆ ಬಿರುಕು ಇದೆಯಾ ನೋಡಿ. ಕಾವೇರಿ ನೀರಿನ ಸಂಪರ್ಕ ಇದೆಯಾ ಅಂತ ತಿಳಿಯೋಕೆ ಅದರ ಬಿಲ್ ಕೇಳಿ.

ಇನ್ನು ಕಾಗದಪತ್ರ. ನನ್ನ ಪ್ರಕಾರ ಬಿರುಕು ಬಿಟ್ಟ ಗೋಡೆಗಿಂತ ಇದೇ ಹೆಚ್ಚು ಅಪಾಯ. ಪಶ್ಚಿಮ ಬೆಂಗಳೂರಲ್ಲಿ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಸೈಟಿನ ಬಡಾವಣೆಗೆ ಅಂಟಿಕೊಂಡೇ ರೆವಿನ್ಯೂ ಸೈಟೂ, ಅಂದ್ರೆ ಕೃಷಿ ಜಮೀನಲ್ಲಿ ಅನುಮೋದನೆ ಇಲ್ಲದೆ ಮಾಡಿದ ಸೈಟೂ ಇರುತ್ತೆ. ಬೀದಿಯಲ್ಲಿ ನಿಂತ್ರೆ ವ್ಯತ್ಯಾಸ ಗೊತ್ತಾಗಲ್ಲ. ಅದಕ್ಕೇ ಆಸ್ತಿಗೆ ಎ ಖಾತಾನಾ (ಕ್ರಮಬದ್ಧ ಆಸ್ತಿಯದ್ದು), ಬಿ ಖಾತಾನಾ (ಕ್ರಮಬದ್ಧವಲ್ಲದ್ದು) ಕೇಳಿ. 2024ರ ಅಕ್ಟೋಬರ್‌ನಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯ ಆಯ್ತು. ಅದನ್ನೂ, ಜೊತೆಗೆ 30 ವರ್ಷದ ಇ.ಸಿ.ಯನ್ನೂ (ಋಣಭಾರ ಪ್ರಮಾಣಪತ್ರ) ವಕೀಲರು ಓದಿ ಮುಗಿಸೋವರೆಗೆ ಅಡ್ವಾನ್ಸ್ ಕೊಡಬೇಡಿ.