ಕಲ್ಲು ಒಡೆದರೆ ನೋವು ಹೋದೀತೇ?

ಮೇಲುಹೊಟ್ಟೆಯಲ್ಲಿ ಎದ್ದು ಬೆನ್ನಿಗೆ ಹಾಯುವ ನೋವು. ಉಂಡರೆ ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ತುಸು ಕಮ್ಮಿ. ನಮ್ಮ ಚಿಮ್ಮಡ ಊರಿನ ಕಡೆ ಇದನ್ನು ಹೊಟ್ಟೆಶೂಲೆ, ಗ್ಯಾಸ್ ಎಂದುಕೊಂಡೇ ವರ್ಷಗಟ್ಟಲೆ ಗುಳಿಗೆ ನುಂಗುವವರುಂಟು. ಮೇದೋಜೀರಕ ಗ್ರಂಥಿಯ ಹಳೆಯ ಉರಿಯೂತವೂ ಹೀಗೇ ನೋಯಿಸುತ್ತದೆ. ಕುಡಿತ, ತಂಬಾಕು ದೊಡ್ಡ ಕಾರಣಗಳು. ಹಾಗೆಂದು ರೋಗಿಯನ್ನು ಕುಡುಕನೆಂದು ಜರಿಯುವುದು ಅನ್ಯಾಯ: ಕುಡಿಯದ ಎಳೆಯರಲ್ಲೂ ಈ ರೋಗವಿರುವುದನ್ನು ಕೇರಳದ ಡಾ. ಪಿ.ಜೆ. ಗೀವರ್ಗೀಸ್ ದಶಕಗಳ ಹಿಂದೆಯೇ ದಾಖಲಿಸಿದ್ದರು.

ಈ ಗ್ರಂಥಿಯ ನಾಳ ಎರಡು-ಮೂರು ಮಿಲಿಮೀಟರ್ ಅಗಲದ್ದು. ಅದರಲ್ಲಿ ಸುಣ್ಣದ ಕಲ್ಲು ಕಟ್ಟಿದರೆ ರಸ ಹಿಂದಕ್ಕೆ ಒತ್ತುತ್ತದೆ. ಕಬ್ಬಿಗೆ ನೀರು ಹಾಯಿಸುವವರಿಗೆ ಮುಂದಿನ ತರ್ಕ ಹೇಳಿಕೊಡಬೇಕಿಲ್ಲ: ಕಟ್ಟಿದ್ದನ್ನು ಬಿಡಿಸಿದರೆ ಹರಿಯುತ್ತದೆ. ಬಾಯಿಂದ ಕೊಳವೆ ಇಳಿಸಿ ಆ ನಾಳದ ಬಾಯಿ ಮುಟ್ಟಿದ್ದು ಅಮೆರಿಕದ ವಿಲಿಯಂ ಮೆಕ್ಯೂನ್, 1968ರಲ್ಲಿ. 1974ರಲ್ಲಿ ಜರ್ಮನಿ, ಜಪಾನಿನ ವೈದ್ಯರು ಆ ಬಾಯಿಯನ್ನು ಒಳಗಿಂದಲೇ ಕೊಯ್ದು ಅಗಲಿಸಿದರು. 1980ರಲ್ಲಿ ಮ್ಯೂನಿಕ್‌ನಲ್ಲಿ ಮೂತ್ರಪಿಂಡದ ಕಲ್ಲನ್ನು ಹೊರಗಿನ ಆಘಾತ ತರಂಗದಿಂದ ಪುಡಿಮಾಡಿದರು; 1987ರ ಹೊತ್ತಿಗೆ ಅಲ್ಲೇ ಮೇದೋಜೀರಕದ ಕಲ್ಲಿಗೂ ಅದೇ ಉಪಾಯ. ಮೊದಲು ತರಂಗ, ಆಮೇಲೆ ಎಂಡೋಸ್ಕೋಪಿಯಿಂದ ಪುಡಿ ತೆಗೆಯುವುದು, ನಾಳ ಕಿರಿದಾಗಿದ್ದರೆ ಸ್ಟೆಂಟ್ ಇಡುವುದು. ಹೊಟ್ಟೆ ಕೊಯ್ಯಬೇಕಿಲ್ಲ ಎಂದರೆ ಯಾರಿಗೆ ಬೇಡ?

ನೋವು ನಿಜಕ್ಕೂ ಹೋಗುತ್ತದೆಯೇ ಎಂದು ಒರೆಗೆ ಹಚ್ಚಿದ್ದು ತಡವಾಗಿ. 2007ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನವರು 39 ರೋಗಿಗಳ ಅಧ್ಯಯನ ಪ್ರಕಟಿಸಿದರು: ಎರಡು ವರ್ಷದ ಕೊನೆಗೆ ನೋವು ಪೂರ್ತಿಯಾಗಿಯೋ ಭಾಗಶಃವೋ ತಗ್ಗಿದ್ದು ಎಂಡೋಸ್ಕೋಪಿಯಲ್ಲಿ ಶೇ 32, ಶಸ್ತ್ರಚಿಕಿತ್ಸೆಯಲ್ಲಿ ಶೇ 75 ಮಂದಿಗೆ. 2020ರ ಇನ್ನೊಂದು ಡಚ್ ಅಧ್ಯಯನವೂ ಬೇಗ ಮಾಡಿದ ಶಸ್ತ್ರಚಿಕಿತ್ಸೆಯ ಪರವಾಗಿತ್ತು.

ಅತಿ ಕಠಿಣ ಪರೀಕ್ಷೆ ನಡೆದದ್ದು ನಮ್ಮ ನೆರೆಯ ಹೈದರಾಬಾದಿನಲ್ಲಿ. ಡಾ. ಡಿ. ನಾಗೇಶ್ವರ ರೆಡ್ಡಿಯವರ ಎಐಜಿ ಆಸ್ಪತ್ರೆಯವರು ಡೆನ್ಮಾರ್ಕಿನ ಸಂಶೋಧಕರ ಜೊತೆಗೂಡಿ 106 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ತರಂಗ, ಎಂಡೋಸ್ಕೋಪಿಯ ನಿಜವಾದ ಚಿಕಿತ್ಸೆ, ಇನ್ನೊಂದಕ್ಕೆ ಬರೀ ತೋರಿಕೆಯದು. 2024ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, 12 ವಾರಕ್ಕೆ ಚಿಕಿತ್ಸೆ ಪಡೆದವರ ನೋವು ಹತ್ತರ ಅಳತೆಯಲ್ಲಿ ಬರೀ 0.7ರಷ್ಟು ಹೆಚ್ಚು ತಗ್ಗಿತ್ತು. 24 ವಾರಕ್ಕೆ ಆ ಅಂತರವೂ ಉಳಿಯಲಿಲ್ಲ. ತಾವೇ ಬಹಳ ಮಾಡುವ ಚಿಕಿತ್ಸೆಯನ್ನು ಹೀಗೆ ಪರೀಕ್ಷೆಗೆ ಒಡ್ಡಿ, ಬಂದ ಉತ್ತರವನ್ನು ಮುಚ್ಚಿಡದ ಆ ವೈದ್ಯರ ಬಗ್ಗೆ ನನಗೆ ಗೌರವ ಹೆಚ್ಚಿದೆ. ವರ್ಷಗಟ್ಟಲೆ ನೋವುಂಡ ನರಗಳು ತಾವೇ ಕೆರಳಿರುತ್ತವೆ, ನಾಳ ತೆರೆದರೂ ಅವು ಸುಮ್ಮನಾಗುವುದಿಲ್ಲ ಎಂಬ ವಿವರಣೆಗೆ ಇದರಿಂದ ಬಲ ಬಂದಿದೆ.

ಮನೆಯಲ್ಲಿ ಇಂಥ ರೋಗಿಯಿದ್ದರೆ ಕುಡಿತ, ತಂಬಾಕು ಇಂದೇ ಬಿಡಿಸಿ, ಸಕ್ಕರೆ ಪರೀಕ್ಷೆ ಮಾಡಿಸಿ. ಬೆಳಗಾವಿಯಾಗಲಿ ಹೈದರಾಬಾದಾಗಲಿ, ಸ್ಟೆಂಟ್‌ಗೆ ಒಪ್ಪುವ ಮುಂಚೆ ಒಬ್ಬ ಶಸ್ತ್ರಚಿಕಿತ್ಸಕರನ್ನೂ ಕಂಡು ಕೇಳಿ.