ಕಡಿಮೆ ಗಾಳಿ ಕೊಟ್ಟು ಜೀವ ಉಳಿಸುವ ಚಿಕಿತ್ಸೆ

ಉಸಿರಿಗಾಗಿ ಪರದಾಡುವ ರೋಗಿಗೆ ಹೆಚ್ಚು ಗಾಳಿ ಕೊಡಬೇಕು ಎಂಬುದು ಸಾಮಾನ್ಯ ತಿಳಿವಳಿಕೆ. ವೈದ್ಯರೂ ದಶಕಗಳ ಕಾಲ ಹಾಗೆಯೇ ನಡೆದುಕೊಂಡಿದ್ದರು. ಆ ರೂಢಿ ಎಷ್ಟೋ ಜೀವಗಳಿಗೆ ಎರವಾಗುತ್ತಿತ್ತೆಂಬುದು ಖಚಿತವಾದದ್ದು 2000ನೇ ಇಸವಿಯಲ್ಲಿ.

'ಎಆರ್‌ಡಿಎಸ್' ಎಂದು ಕರೆಯಲಾಗುವ ತೀವ್ರ ಉಸಿರಾಟದ ವೈಫಲ್ಯ ಸ್ವತಃ ಒಂದು ರೋಗವಲ್ಲ. ನ್ಯುಮೋನಿಯಾ, ರಕ್ತದ ನಂಜು, ದೊಡ್ಡ ಅಪಘಾತ, ಭಾರತದಲ್ಲಾದರೆ ಮಲೇರಿಯಾ, ಡೆಂಗಿ, ಇಲಿಜ್ವರದಂಥವು ವಿಕೋಪಕ್ಕೆ ಹೋದಾಗ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳು ಸೋರತೊಡಗುತ್ತವೆ. ಗಾಳಿ ತುಂಬಬೇಕಾದ ಪುಟ್ಟ ಚೀಲಗಳಲ್ಲಿ ದ್ರವ ತುಂಬಿಕೊಳ್ಳುತ್ತದೆ. ಅಮೆರಿಕದ ಆಶ್‌ಬಾ, ಪೆಟ್ಟಿ ಮತ್ತು ಸಂಗಡಿಗರು 12 ರೋಗಿಗಳಲ್ಲಿ ಈ ಸ್ಥಿತಿಯನ್ನು ಗುರುತಿಸಿ 1967ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದರು. ವೆಂಟಿಲೇಟರ್ ಇದನ್ನು ಗುಣಪಡಿಸುವುದಿಲ್ಲ. ಶ್ವಾಸಕೋಶ ಚೇತರಿಸಿಕೊಳ್ಳಲು ಕಾಲಾವಕಾಶ ಒದಗಿಸುತ್ತದೆ, ಅಷ್ಟೇ.

ಆದರೆ ಆ ಯಂತ್ರವೇ ಹಾನಿ ಮಾಡಬಲ್ಲದು. ಇಟಲಿಯ ವೈದ್ಯ ಲೂಸಿಯಾನೊ ಗಟ್ಟಿನೋನಿ ಸಿ.ಟಿ. ಸ್ಕ್ಯಾನ್‌ಗಳಲ್ಲಿ ಕಂಡುಕೊಂಡಂತೆ, ಇಂಥ ರೋಗಿಯಲ್ಲಿ ಗಾಳಿಯಾಡುವ ಭಾಗ ಮಗುವಿನ ಶ್ವಾಸಕೋಶದಷ್ಟೇ ಉಳಿದಿರುತ್ತದೆ. ವಯಸ್ಕನ ಪಾಲಿನ ಗಾಳಿಯನ್ನು ಅಷ್ಟರೊಳಗೆ ತುರುಕಿದರೆ ಉಳಿದ ಭಾಗವೂ ಹಿಗ್ಗಿ ಘಾಸಿಗೊಳ್ಳುತ್ತದೆ.

ಅಮೆರಿಕದ 10 ವಿಶ್ವವಿದ್ಯಾಲಯ ಕೇಂದ್ರಗಳು ಇದನ್ನೇ ಪರೀಕ್ಷೆಗೊಡ್ಡಿದವು. ಒಂದು ಗುಂಪಿಗೆ ಪ್ರತಿ ಕಿಲೋ ತೂಕಕ್ಕೆ ರೂಢಿಯ 12 ಮಿ.ಲೀ., ಇನ್ನೊಂದಕ್ಕೆ ಅದರರ್ಧ, 6 ಮಿ.ಲೀ. ಮೊದಲ ಗುಂಪಿನಲ್ಲಿ ಶೇ. 39.8ರಷ್ಟು ಮಂದಿ ಸತ್ತರೆ ಎರಡನೆಯದರಲ್ಲಿ ಶೇ. 31. ಅಂತರ ಸ್ಪಷ್ಟವಾದ್ದರಿಂದ 861 ರೋಗಿಗಳಾಗುತ್ತಲೇ ಅಧ್ಯಯನವನ್ನು ಅವಧಿಗೆ ಮುನ್ನ ನಿಲ್ಲಿಸಲಾಯಿತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಬದಲಾದದ್ದು ಗಾಳಿಯ ಅಳತೆ ಮಾತ್ರ.

ಇಲ್ಲೊಂದು ಸೂಕ್ಷ್ಮವಿದೆ. ಈ 'ತೂಕ' ತಕ್ಕಡಿಯದಲ್ಲ, ಎತ್ತರದಿಂದ ಲೆಕ್ಕಹಾಕಿದ್ದು. ಮನುಷ್ಯ ದಪ್ಪಗಾದನೆಂದು ಶ್ವಾಸಕೋಶ ದೊಡ್ಡದಾಗುವುದಿಲ್ಲವಷ್ಟೆ. 150 ಸೆಂ.ಮೀ. ಎತ್ತರದ ಮಹಿಳೆಯ ಲೆಕ್ಕದ ತೂಕ ಸುಮಾರು 43 ಕಿಲೋ; ಆಕೆಗೆ ಒಂದು ಉಸಿರಿಗೆ 260 ಮಿ.ಲೀ. ಸಾಕು. ಆಕೆ 75 ಕಿಲೋ ಇದ್ದು, ಅದನ್ನೇ ಹಿಡಿದರೆ 450 ಮಿ.ಲೀ. ಆಗಿಬಿಡುತ್ತದೆ. ಕುಳ್ಳಗಿರುವವರಿಗೆ, ಅದರಲ್ಲೂ ಮಹಿಳೆಯರಿಗೆ, ಕಣ್ಣಂದಾಜು ಅಪಾಯಕಾರಿಯಾಗುವುದು ಹೀಗೆ. ಮಲಗಿದವರ ಎತ್ತರವನ್ನು ಟೇಪು ಹಿಡಿದು ಅಳೆಯುವುದು ಕ್ಷುಲ್ಲಕ ಕೆಲಸವೇನಲ್ಲ.

ಎರಡನೆಯ ದೊಡ್ಡ ಫಲಿತಾಂಶವೂ ಅಷ್ಟೇ ಸರಳ. 466 ತೀವ್ರ ರೋಗಿಗಳ ಮೇಲೆ ಮುಖ್ಯವಾಗಿ ಫ್ರಾನ್ಸ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಸಲಕ್ಕೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದವರಲ್ಲಿ 28 ದಿನದೊಳಗಿನ ಸಾವು ಶೇ. 16, ಅಂಗಾತ ಮಲಗಿದ್ದವರಲ್ಲಿ ಶೇ. 32.8. ಬೋರಲಾದಾಗ ಬೆನ್ನಿನ ಕಡೆ ಅದುಮಿಹೋಗಿದ್ದ ಶ್ವಾಸಕೋಶ ತೆರೆದುಕೊಳ್ಳುತ್ತದೆ.

ಇಷ್ಟಾದರೂ 2016ರಲ್ಲಿ ಪ್ರಕಟವಾದ, 50 ದೇಶಗಳ 459 ತೀವ್ರ ನಿಗಾ ಘಟಕಗಳ ಸಮೀಕ್ಷೆ ಬೇರೆಯೇ ಚಿತ್ರ ತೋರಿಸಿತು. ಪ್ರತಿ ಹತ್ತು ರೋಗಿಗಳಲ್ಲಿ ನಾಲ್ವರ ಸ್ಥಿತಿಯನ್ನು ವೈದ್ಯರು ಎಆರ್‌ಡಿಎಸ್ ಎಂದು ಗುರುತಿಸಿರಲೇ ಇಲ್ಲ. ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿಗೆ ಕಿಲೋಗೆ 8 ಮಿ.ಲೀ.ಗೂ ಅಧಿಕ ಗಾಳಿ ಹೋಗುತ್ತಿತ್ತು. ತೀವ್ರ ಸ್ಥಿತಿಯವರಲ್ಲಿ ಬೋರಲು ಮಲಗಿಸಿದ್ದು ಶೇ. 16.3ರಷ್ಟು ಮಂದಿಯನ್ನು ಮಾತ್ರ. ಗಂಟಲಲ್ಲಿ ಕೊಳವೆ, ಮೈತುಂಬ ನಳಿಕೆಗಳಿರುವವರನ್ನು ಮಗುಚಲು ನಾಲ್ಕೈದು ಪಳಗಿದ ಕೈಗಳು ಬೇಕು. 2020ರ ಕೋವಿಡ್ ಅಲೆಯಲ್ಲಿ ಆ ಕೆಲಸಕ್ಕೆಂದೇ ಹಲವು ಆಸ್ಪತ್ರೆಗಳು ಪ್ರತ್ಯೇಕ ತಂಡ ಕಟ್ಟಬೇಕಾಯಿತು.