7 ಗ್ರಾಂ ಅಂಡಾಶಯ, 137 ಕಿಲೋ ಗಡ್ಡೆ

ಅಂಡಾಶಯವೊಂದರ ತೂಕ 5ರಿಂದ 8 ಗ್ರಾಂ. ಸಿಪ್ಪೆ ಸುಲಿಯದ ಅಡಿಕೆಗಿಂತ ತುಸು ಚಿಕ್ಕದು. ಇಷ್ಟು ಸಣ್ಣ ಅಂಗದಲ್ಲಿ ಬೆಳೆದ ಗಡ್ಡೆಯೊಂದನ್ನು 1991ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಡಾ. ಕ್ಯಾಥರೀನ್ ಓಹ್ಯಾನ್ಲನ್ ಒಡೆಯದಂತೆ ಇಡಿಯಾಗಿ ಹೊರತೆಗೆದರು. ತೂಗಿದರೆ 137.6 ಕಿಲೋ! ಹುಟ್ಟಿದ ಅಂಗಕ್ಕಿಂತ ಸುಮಾರು 20 ಸಾವಿರ ಪಟ್ಟು ಭಾರ.

1809ರಲ್ಲಿ ಕೆಂಟಕಿಯ ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆ ಇಂಥದೇ ಹೊಟ್ಟೆ ಹೊತ್ತು, ಕುದುರೆಯೇರಿ, ಸುಮಾರು 95 ಕಿಲೋಮೀಟರ್ ದೂರದ ವೈದ್ಯ ಎಫ್ರೈಮ್ ಮೆಕ್‌ಡೊವೆಲ್ ಮನೆ ತಲುಪಿದಳು. ತೀರ್ಥಹಳ್ಳಿಯವರು ಆಗುಂಬೆ ಘಾಟಿಯ 14 ತಿರುವು ಇಳಿದು ಮಣಿಪಾಲದ ಆಸ್ಪತ್ರೆಗೆ ಹೋಗುವ ದಾರಿಯೂ ಹೆಚ್ಚುಕಡಿಮೆ ಅಷ್ಟೇ. ಅರಿವಳಿಕೆ ಇನ್ನೂ ಬಂದಿರದ ಕಾಲ. 25 ನಿಮಿಷದಲ್ಲಿ 10 ಕಿಲೋ ಗಡ್ಡೆ ತೆಗೆದರು. ಐದನೆಯ ದಿನ ಆಕೆ ತನ್ನ ಹಾಸಿಗೆ ತಾನೇ ಸರಿಮಾಡಿಕೊಳ್ಳುತ್ತಿದ್ದಳು. ಮುಂದೆ 32 ವರ್ಷ ಬದುಕಿದಳು. ಆ ಎದೆಗಾರಿಕೆಗೆ ಕೈಮುಗಿಯಬೇಕು.

ಈಗಿನ ಲ್ಯಾಪ್ರೋಸ್ಕೋಪಿಯಲ್ಲಿ ಬೆರಗು ಹುಟ್ಟಿಸುವುದು ಮಿಲಿಮೀಟರಿನ ಲೆಕ್ಕ. ಹೊಕ್ಕುಳಲ್ಲಿ 10 ಮಿಲಿಮೀಟರಿನ ಒಂದು ಕಿಂಡಿ, ಕೆಳಗೆ 5 ಮಿಲಿಮೀಟರಿನವು ಎರಡೋ ಮೂರೋ. ಮೂರು ನಾಲ್ಕು ಲೀಟರ್ ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಗಡ್ಡೆಯನ್ನು ಬಿಡಿಸಿ, ಒಳಗೇ ಒಂದು ಚೀಲಕ್ಕೆ ಹಾಕಿ, ನೀರಿದ್ದರೆ ಹೀರಿ, ಕಿಂಡಿಯಿಂದ ಎಳೆಯುತ್ತಾರೆ. ಡರ್ಮಾಯ್ಡ್ ಗಡ್ಡೆಯಲ್ಲಿ ಕೂದಲು, ಕೊಬ್ಬು, ಕೆಲವೊಮ್ಮೆ ಹಲ್ಲೂ ಸಿಗುತ್ತದೆ. ಕೇಳಿದವರು ಬೆಚ್ಚಿಬೀಳುತ್ತಾರೆ, ಆದರೆ ಅದು ಕ್ಯಾನ್ಸರ್ ಆಗುವುದು ತೀರ ವಿರಳ.

ನನಗಂತೂ ತೆಗೆದ ಗಡ್ಡೆಗಿಂತ ಉಳಿದ ಅಂಡಾಶಯವೇ ದೊಡ್ಡದಾಗಿ ಕಾಣುತ್ತದೆ. ಹೆಣ್ಣುಮಗು ಹುಟ್ಟುವಾಗಲೇ 10ರಿಂದ 20 ಲಕ್ಷ ಅಂಡಾಣು ಹೊತ್ತು ಬರುತ್ತದೆ. ಮೈನೆರೆಯುವ ಹೊತ್ತಿಗೆ 3-4 ಲಕ್ಷ ಉಳಿದಿರುತ್ತವೆ. ಆಯುಷ್ಯವಿಡೀ ಪಕ್ವವಾಗಿ ಹೊರಬೀಳುವುದು 400ರಷ್ಟು ಮಾತ್ರ. ಈ ಭಂಡಾರವಿರುವುದು ಅಂಡಾಶಯದ ಹೊರಪದರದಲ್ಲಿ. ರಕ್ತ ನಿಲ್ಲಿಸಲೆಂದು ಕರೆಂಟಿನಲ್ಲಿ ಅತಿಯಾಗಿ ಸುಟ್ಟರೆ ಅಂಡಾಣುಗಳೂ ಸುಡುತ್ತವೆ. ಹಾಗಾಗಿ ಚಿಕ್ಕ ವಯಸ್ಸಿನವರಲ್ಲಿ ಗಡ್ಡೆಯ ಪೊರೆಯನ್ನಷ್ಟೇ ಸುಲಿದು, ಸಾಧ್ಯವಾದಷ್ಟೂ ಅಂಡಾಶಯವನ್ನು ಉಳಿಸುತ್ತಾರೆ.

ಹೊಟ್ಟೆ ಕೊಯ್ದರೆ ಆರು ವಾರ ಹಿಡಿಯುವ ಚೇತರಿಕೆ ಲ್ಯಾಪ್ರೋಸ್ಕೋಪಿಯಲ್ಲಿ ಸಾಮಾನ್ಯವಾಗಿ ಒಂದೆರಡು ವಾರದ್ದು. ಹೊಟ್ಟೆಯಲ್ಲಿ ಉಳಿದ ಗಾಳಿ ವಪೆಯನ್ನು ಕೆಣಕುವುದರಿಂದ ಮೊದಲೆರಡು ದಿನ ಭುಜ ನೋಯುವುದುಂಟು. ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಲ್ಲಿ ಹೀಗೆ ಉಳಿಯುವ ನಾಲ್ಕು ವಾರದ ಬೆಲೆ ಗೊತ್ತಾಗಬೇಕಾದರೆ ಕೊಯ್ಲಿನ ಕಾಲ ಬರಬೇಕು. ಮೆಟ್ಟುಗತ್ತಿ ಮುಂದೆ ಕೂತು ರಾತ್ರಿವರೆಗೂ ಅಡಿಕೆ ಸುಲಿಯುವವರಲ್ಲಿ ಹೆಂಗಸರೇ ಹೆಚ್ಚು.

ಸ್ಕ್ಯಾನಿಂಗಿನಲ್ಲಿ ಗಡ್ಡೆ ಕಂಡವರೆಲ್ಲ ಆಪರೇಷನ್ನಿಗೆ ಓಡಬೇಕಿಲ್ಲ. ಮುಟ್ಟಾಗುವ ವಯಸ್ಸಿನವರಲ್ಲಿ 5 ಸೆಂಟಿಮೀಟರ್ ಒಳಗಿನ ಸಾದಾ ನೀರಿನ ಗಡ್ಡೆ ತಾನಾಗಿ ಕರಗುವುದೇ ಹೆಚ್ಚು. ಆದರೆ ಗಡ್ಡೆಯಿರುವವರಿಗೆ ಏಕಾಏಕಿ ಕಿಬ್ಬೊಟ್ಟೆಯ ಒಂದು ಬದಿ ಹಿಂಡಿ, ವಾಂತಿ ಶುರುವಾದರೆ ಅಂಡಾಶಯ ತಿರುಚಿಕೊಂಡಿರಬಹುದು. ರಕ್ತ ಹರಿಯದ ಅಂಡಾಶಯ ಉಳಿಯುವುದು ಕೆಲವೇ ಗಂಟೆ. ಸಾಗರದಿಂದ ಶಿವಮೊಗ್ಗಕ್ಕೆ 70 ಕಿಲೋಮೀಟರ್. ಬೆಳಗಾಗಲಿ ಎಂದು ಕಾಯದೆ ಮಳೆಯಿದ್ದರೂ ಆ ರಾತ್ರಿಯೇ ಹೊರಡಬೇಕು.